ಅಕ್ಕನ ಎಡಗೈ

ಮಾರ್ಚ್ 3
ಬೆಳಗಿನ ಟ್ರಿಪ್ ಮುಗಿಸಿ ಯೂನಿಫಾರ್ಮಿನಲ್ಲೇ ಆಸ್ಪತ್ರೆಗೆ ಹೋದೆ. ಬಯಾಪ್ಸಿ ರಿಪೋರ್ಟ್ ಬಂದಿತ್ತು. ಎಡ ಮೊಲೆಯಲ್ಲಿ ಕ್ಯಾನ್ಸರ್. ಆರಂಭದ ಹಂತ, ಬಟಾಣಿ ಗಾತ್ರ. ಗಂಟು ಮಾತ್ರ ತೆಗೆದರೆ ಸಾಕಂತೆ.
"ಬಸ್ ಓಡಿಸಬಹುದಾ ಡಾಕ್ಟ್ರೇ?"
"ಹುಷಾರಾದ್ಮೇಲೆ ಧಾರಾಳವಾಗಿ ಓಡ್ಸಿ."
ಸಂಜೆ ಡ್ಯೂಟಿಗೂ ಹೋದೆ. ಸತ್ತಿಲ್ಲವಲ್ಲ ಇನ್ನೂ!

ಮಾರ್ಚ್ 4
ಅಕ್ಕನಿಗೆ ಫೋನ್ ಮಾಡಿದೆ. ಇಪ್ಪತ್ತು ವರ್ಷದ ಹಿಂದೆ ಅವಳಿಗೂ ಇದೇ. ಮೊಲೆಯನ್ನು ಪೂರ್ತಿ ತೆಗೆದು, ಕಂಕುಳಿನ ಗ್ರಂಥಿಗಳನ್ನೆಲ್ಲ ಬಾಚಿದ್ದರು. ಅಂದಿನಿಂದ ಎಡಗೈ ಊದಿಕೊಂಡೇ ಇದೆ. ಶಾಲಿನೊಳಗಿಂದ ಹೊರಗೆ ತೆಗೆಯುವುದೇ ಇಲ್ಲ.
"ಪೂರ್ತಿ ತೆಗೆಸ್ಕೋ. ಚೌಕಾಸಿ ಮಾಡೋಕೆ ಇದೇನು ತರಕಾರಿನಾ?"
"ಮೈ ನಂದು ಅಕ್ಕ."
ಫೋನ್ ಕುಕ್ಕಿದಳು. ಕುಕ್ಕಲಿ.

ಮಾರ್ಚ್ 19
ಆಪರೇಷನ್ ಆಯಿತು. ಕ್ಯಾನ್ಸರ್ ಹರಡಿದರೆ ಮೊದಲು ಕಂಕುಳಿನ ಯಾವ ಗ್ರಂಥಿಗೆ ಹೋಗುತ್ತದೋ ಅದನ್ನು ನೀಲಿ ಬಣ್ಣ ಬಿಟ್ಟು ಹುಡುಕಿದರಂತೆ. ಎರಡನ್ನೇ ತೆಗೆದರು. ಎರಡರಲ್ಲೂ ಏನೂ ಇಲ್ಲ. ಬಾತ್‌ರೂಮಿಗೆ ಹೋದರೆ ಆ ಬಣ್ಣಕ್ಕೆ ಮೂತ್ರ ಹಸಿರು! ನಕ್ಕು ನಕ್ಕು ಹೊಲಿಗೆ ನೋಯಿತು.
ಅಕ್ಕ ಬರಲಿಲ್ಲ.

ಏಪ್ರಿಲ್ 11, ಸಂಜೆ
ಗಂಟಿನ ಜೀನ್ ಪರೀಕ್ಷೆ ರಿಪೋರ್ಟ್ — ನನಗೆ ಕೀಮೊ ಬೇಡ! ಒಂದು ವಾರ ರೇಡಿಯೇಷನ್, ಆಮೇಲೆ ಕೆಲವು ವರ್ಷ ದಿನಾ ಒಂದು ಮಾತ್ರೆ. ಜಗಳ ಮರೆತು ಅಕ್ಕನ ಮನೆಗೆ ಓಡಿದೆ. ಟೋಪಿ ಹೆಣೆಯುತ್ತಾ ಕೂತಿದ್ದಳು. ನನ್ನ ಕೂದಲು ಉದುರುತ್ತದೆಂದು, ನನಗೇ.
ಹೇಳಿದೆ. ಕಡ್ಡಿಗಳು ನಿಂತವು.
"ಹಾಗಾದ್ರೆ ನಂದನ್ನ ಸುಮ್ನೆ ಕೊಯ್ದ್ರಾ?"
ಅಳು ಬಂತು, ಸಿಟ್ಟೂ ಬಂತು. "ನಿನ್ನ ಕಾಲಕ್ಕೆ ಆ ಆಸ್ಪತ್ರೇಲಿ ಗೊತ್ತಿದ್ದಿದ್ದು ಅಷ್ಟೇ. ನೀನು ಬದುಕಿದ್ದೀಯಲ್ಲೇ ಅಕ್ಕ, ಅದು ಸುಮ್ನೇನಾ?"
ಅಕ್ಕ ಹೆಣೆದಷ್ಟನ್ನೂ ಬಿಚ್ಚತೊಡಗಿದಳು.

ಮೇ 20
ಡಿಪೋ ಮ್ಯಾನೇಜರ್‌ಗೆ ನನ್ನ ಮೇಲೆ ಕನಿಕರ. "ಟೇಬಲ್ ಕೆಲಸ ಕೊಡ್ತೀನಮ್ಮ, ರೆಸ್ಟ್ ತಗೊಳ್ಳಿ."
ಫಿಟ್‌ನೆಸ್ ಸರ್ಟಿಫಿಕೇಟನ್ನು ಅವರ ಮೂಗಿನ ಕೆಳಗೇ ಇಟ್ಟೆ. "ರೆಸ್ಟ್ ನೀವೇ ತಗೊಳ್ಳಿ ಸಾರ್. ನನಗೆ ಬಸ್ ಕೊಡಿ."
ನಾಳೆಯಿಂದ ನನ್ನ ಹಳೇ ರೂಟ್.

ಮೇ 21, ಮಧ್ಯಾಹ್ನ, ಡ್ರೈವರ್ ಸೀಟಿನಲ್ಲೇ
ಮಾರ್ಕೆಟ್ ಸ್ಟಾಪಿನಲ್ಲಿ ಅಕ್ಕ ಹತ್ತಿದಳು. ನನ್ನ ಹಿಂದಿನ ಸೀಟೇ ಬೇಕೆಂದು ಒಬ್ಬ ಗಂಡಸನ್ನು ಎಬ್ಬಿಸಿದಳು. ದಾರಿಯುದ್ದಕ್ಕೂ ನನ್ನ ಕೈಗಳನ್ನೇ ನೋಡುತ್ತಿದ್ದದ್ದು ಕನ್ನಡಿಯಲ್ಲಿ ಕಾಣುತ್ತಿತ್ತು. ಕೊನೆಯ ಸ್ಟಾಪಿನಲ್ಲಿ ಎಲ್ಲರೂ ಇಳಿದರು, ಅವಳು ಇಳಿಯಲಿಲ್ಲ. ಶಾಲು ಸರಿಸಿ, ಊದಿದ ಎಡಗೈಯನ್ನು ನನ್ನ ಸೀಟಿನ ಕಂಬಿಯ ಮೇಲಿಟ್ಟಳು.
"ನಿನ್ನ ಡಾಕ್ಟ್ರು ಹಳೇ ಕೈನೂ ನೋಡ್ತಾರೇನೇ?"
"ನೋಡದೆ ಎಲ್ಲಿಗೆ ಹೋಗ್ತಾರೆ! ನಾನಿದ್ದೀನಲ್ಲ."
ಕಂಡಕ್ಟರ್ ಸೀಟಿ ಊದುತ್ತಿದ್ದಾನೆ. ಅಕ್ಕ ಕೂತೇ ಇದ್ದಾಳೆ. ವಾಪಸ್ ಹೋಗುವಾಗ ಆಸ್ಪತ್ರೆ ಸ್ಟಾಪಿನಲ್ಲಿ ಅವಳನ್ನು ಇಳಿಸಬೇಕು, ಡ್ಯೂಟಿ ಮುಗಿಸಿ ನಾನೂ—