ಒಂದು ಅಳತೆ ದೊಡ್ಡ ಬಳೆ

ಕೊಲ್ಹಾರ
ಮಂಗಳವಾರ, 18 ಮಾರ್ಚ್ 2025

ಅಕ್ಕನಿಗೆ ಸುರೇಖಾಳ ನಮಸ್ಕಾರ.

ಕೂಸಿನ ತಲೆ ಕೆಳಗೆ ಬಂದಿದೆ. ನೋವು ಇನ್ನೂ ಬಂದಿಲ್ಲ. ಹೊಟ್ಟೆಯೊಳಗಿನ ನೀರು ಸ್ವಲ್ಪ ಕಡಿಮೆಯಾಗಿದೆ. ಇವತ್ತು ಬೆಳಗ್ಗೆ ಹನ್ನೊಂದಕ್ಕೆ ಸ್ಕ್ಯಾನ್ ನೋಡಿ ಇದನ್ನು ಹೇಳಿದವರು ಬಾಗೇವಾಡಿ ಸರಕಾರಿ ದವಾಖಾನೆಯ ಡಾಕ್ಟರಮ್ಮ. ಹೆದರುವಂಥದ್ದೇನೂ ಇಲ್ಲ, ಆದರೆ ಇನ್ನು ಬಹಳ ದಿನ ಕಾಯುವುದು ಬೇಡ ಎಂದರು.

ಯಾರು ಹೇಳಿದರು ಅನ್ನುವುದನ್ನು ಕೂಡಲೇ ಬರೆದೆ. ಅಪ್ಪ ಇದ್ದಿದ್ದರೆ ಅದನ್ನೇ ಕೇಳುತ್ತಿದ್ದ. ಬಸ್ ಸ್ಟ್ಯಾಂಡಿನಲ್ಲಿ ಮಾರಿ ಉಳಿದ ಪೇಪರನ್ನು ಮನೆಗೆ ತಂದು, ನೀನು ರೊಟ್ಟಿ ಬಡಿಯುವಾಗ ನನ್ನಿಂದ ಓದಿಸುತ್ತಿದ್ದನಲ್ಲ. "ಯಾರ ಹೇಳ್ಯಾರ? ಹೆಸರ ಐತೇನ? ಹೆಸರ ಇಲ್ಲಂದ್ರ ಅದು ಸುದ್ದಿ ಅಲ್ಲವಾ, ಕಟ್ಟಿ ಮ್ಯಾಲಿನ ಮಾತು."

ಎರಡು ತಿಂಗಳು ಬರೆಯದೆ ಇದ್ದದ್ದಕ್ಕೆ ಕ್ಷಮಿಸು. ಫೋನ್ ಹನ್ನೊಂದು ಸಲ ಮಾಡಿದ್ದೇನೆ. ನೀನು ಎತ್ತಲಿಲ್ಲ. ಒಂದು ಸಲ ಶಂಕರೆಪ್ಪ ಮಾವ ಎತ್ತಿ, "ನಿಮ್ಮಕ್ಕ ಹೊಲಕ್ಕ ಹೋಗ್ಯಾಳವಾ, ಬಂದ ಮ್ಯಾಲ ಹೇಳ್ತೇನಿ" ಎಂದರು. ಅವರು ಹೇಳುತ್ತಿರುವಾಗಲೇ ಹಿಂದೆ ನಿನ್ನ ಕೆಮ್ಮು ಕೇಳಿಸಿತು. ಸುಳ್ಳು ಹೇಳಲು ಮಾವನಿಗೆ ಬರುವುದಿಲ್ಲ. ಅದಕ್ಕೇ ಈ ಕಾಗದ. ಮೊಸರಿನ ಗಡಿಗೆಗಳನ್ನು ಟಂಟಂನಲ್ಲಿ ಹೇರಿಕೊಂಡು ದಿನಾ ಬಾಗೇವಾಡಿಗೆ ಬರುವ ಅಯೂಬನ ಕೈಯಲ್ಲಿ ಕೊಡುತ್ತೇನೆ. ನಾಳೆ ಒಂಬತ್ತರೊಳಗೆ ನಿನಗೆ ಮುಟ್ಟುತ್ತದೆ.

ಇವತ್ತು ಬಸ್ಸು ನಿನ್ನ ಓಣಿಯ ಮುಂದೆಯೇ ಹೋಯಿತು. ಕಿಡಕಿಯಿಂದ ನೋಡಿದೆ. ಬಾಗಿಲು ತೆರೆದಿತ್ತು, ಕಟ್ಟೆಯ ಮೇಲೆ ನೀನು ಮೆಣಸಿನಕಾಯಿ ಒಣಹಾಕಿದ್ದೆ. ಇಳಿಯಲಿಲ್ಲ.

ನನ್ನ ಸುದ್ದಿ ಬರೆಯುತ್ತೇನೆ. ಕಾಲು ಬಾತಿವೆ. ನನ್ನ ಚಪ್ಪಲಿ ಏರುವುದಿಲ್ಲ, ನಮ್ಮ ಮನೆಯವರು ಮಾಳಿಂಗರಾಯರು ಬಿಟ್ಟುಹೋದ ಹಳೇ ಚಪ್ಪಲಿ ಹಾಕಿಕೊಂಡು ಬಚ್ಚಲಿಗೆ ಹೋಗಿ ಬರುತ್ತೇನೆ. ಕಾಲುಂಗುರ ಬೆರಳಲ್ಲಿ ಸಿಕ್ಕಿಕೊಂಡಿತ್ತು, ಅತ್ತೆ ಸಾಬೂನು ಹಚ್ಚಿ ತೆಗೆಯುವಷ್ಟರಲ್ಲಿ ನಾನು ಇಡೀ ಓಣಿಗೆ ಕೇಳುವಂತೆ ಕೂಗಿದೆ. ಅದನ್ನು ಕೇಳಿ ಮೂರು ಮನೆಯವರು ಹೆರಿಗೆಯೇ ಆಯಿತೆಂದು ಓಡಿಬಂದರು. ಉಂಡರೆ ಎದೆ ಉರಿಯುತ್ತದೆ, ಉಣ್ಣದಿದ್ದರೆ ತಲೆ ತಿರುಗುತ್ತದೆ. ಒಲೆಯ ಮುಂದೆ ಕೂತರೆ ಹೊಟ್ಟೆ ಅಡ್ಡ ಬರುತ್ತದೆ, ರೊಟ್ಟಿ ಬಡಿಯಲು ಕೈ ಮುಟ್ಟುವುದಿಲ್ಲ. ಎಡ ಮಗ್ಗುಲಿಗೇ ಮಲಗಬೇಕು ಅಂತ ನರ್ಸಮ್ಮ ಹೇಳಿದ್ದಾರೆ. ಎಡ ಮಗ್ಗುಲು ಹೊರಸಿನ ಹಗ್ಗದ ಗುರುತು ಬಿದ್ದು ಚಾಪೆಯ ಹಾಗಾಗಿದೆ. ಬಿಸಿಲು ಆಗಲೇ ಮೂವತ್ತೆಂಟು ದಾಟಿದೆಯಂತೆ, ಇದು ನಿನ್ನೆಯ ಪೇಪರಿನ ಸುದ್ದಿ. ಮಧ್ಯಾಹ್ನ ಕರೆಂಟು ಹೋಗುತ್ತದೆ. ಇದಕ್ಕೆ ಪೇಪರು ಬೇಕಿಲ್ಲ.

ಇವೆಲ್ಲ ತಡೆಯಬಹುದು. ತಡೆಯಲಾಗದ್ದು "ಇನ್ನೂ ಇಲ್ಲೇನು" ಅನ್ನುವ ಮಾತು. ನಳದ ಹತ್ತಿರ ಪಕ್ಕದ ಮನೆಯ ಸುಮಂಗಲಾ ದಿನಾ ಕೇಳುತ್ತಾಳೆ. "ಏನ ಸುರೇಖಾ, ಇನ್ನೂ ಹಡದಿಲ್ಲ? ಒಳಗ ಸಾಲಿ ಕಲ್ತು, ಪಾಸಾಗಿ ಬರತೈತೇನು?"

ಈ ಎಲ್ಲ ಕೇಳಾಟಕ್ಕೆ ಕಾರಣ ನಮ್ಮ ಅತ್ತೆ ರೇವವ್ವನ ಎಣಿಕೆ. ದವಾಖಾನೆಯ ಚೀಟಿಯಲ್ಲಿ ಮಾರ್ಚ್ ಹದಿನಾರು ಎಂದು ಬರೆದಿತ್ತು. ಅತ್ತೆಯದು ಅಮಾವಾಸ್ಯೆಯ ಲೆಕ್ಕ. ಮಣ್ಣೆತ್ತಿನ ಅಮಾವಾಸ್ಯೆಯಿಂದ ಬೆರಳು ಮಡಿಸುತ್ತ ಬಂದು, ಶಿವರಾತ್ರಿ ಅಮಾವಾಸ್ಯೆಗೆ ಒಂಬತ್ತಾಯಿತು, ಅವತ್ತೇ ಹೆರಿಗೆ ಎಂದು ಊರಿಗೆಲ್ಲ ಹೇಳಿಬಿಟ್ಟರು.

"ಅತ್ತಿ, ಚೀಟಿಯೊಳಗ ಹದಿನಾರು ಅಂತ ಐತ್ರಿ" ಎಂದೆ.

"ಆ ಡಾಕ್ಟರಮ್ಮ ಎಷ್ಟು ಹಡದಾಳ?"

"ಆಕಿಗಿನ್ನೂ ಮದುವಿ ಆಗಿಲ್ರಿ."

"ಮತ್ತ? ನಾ ಆರು ಹಡದೇನಿ. ಆರೂ ಅಮಾಸಿ ಎಣಿಸೇ ಹಡದೇನಿ."

ಆ ಮಾತು ನಂಬಿ ಇವರು ಕುರಿಗಳನ್ನು ಚಿಕ್ಕಪ್ಪನ ಮಗ ಕಾಂತುವಿಗೆ ಒಪ್ಪಿಸಿ ಮುದ್ದೇಬಿಹಾಳದ ಕಡೆಯಿಂದ ಬಂದರು. ನೆಂಟರೂ ಬಂದರು. ಅಮಾವಾಸ್ಯೆ ಬಂತು, ಹೋಯಿತು. ಬಾಣಂತಿಗೆ ಅಂತ ಅತ್ತೆ ಕಟ್ಟಿಟ್ಟಿದ್ದ ಅಂಟಿನುಂಡಿಯನ್ನು ನೆಂಟರೇ ಎಂಟು ದಿನ ಕೂತು ತಿಂದು ಮುಗಿಸಿದರು. ಕೊನೆಯ ಉಂಡೆ ತಿಂದವರು ಇವರ ಸೋದರಮಾವ. ಕೈ ಒರೆಸಿಕೊಳ್ಳುತ್ತ, "ಎಣಿಕಿ ಎಲ್ಲೋ ತಪ್ಪೈತಿ ತಂಗಿ" ಎಂದರು. ಅತ್ತೆ, "ನನ್ನ ಎಣಿಕಿ ತಪ್ಪಿಲ್ಲ. ಒಳಗಿಂದಕ್ಕ ಎಣಿಸಾಕ ಬರೂದಿಲ್ಲ" ಎಂದರು.

ಕಾಂತು ಇನ್ನು ತನ್ನಿಂದಾಗದು ಎಂದು ಹೇಳಿಕಳಿಸಿದ. ಮಾರ್ಚ್ ಏಳರಂದು ಇವರು ಹೊರಟು ನಿಂತರು.

"ನೋವ ಬಂದ್ರ ಫೋನ ಹಚ್ಚು."

"ಹಚ್ಚಿದ್ರ ಹತ್ತತೈತೇನ್ರಿ ಅಲ್ಲಿ?"

"ದಿನ್ನಿ ಮ್ಯಾಲ ನಿಂತ್ರ ಹತ್ತತೈತಿ."

"ಹಂಗಾರ ನೋವಿಗೂ ಹೇಳಿಡ್ತೇನಿ, ನೀವು ದಿನ್ನಿ ಏರಿದಾಗಷ್ಟ ಬಾ ಅಂತ."

ಅವರು ನಕ್ಕರು. ನಾನೂ ನಕ್ಕೆ. ಮೂಲೆ ತಿರುಗುವ ತನಕ ಕೈ ಬೀಸಿದರು. ಆಮೇಲೆ ನಾನು ಒಳಗೆ ಬಂದು, ಅವರ ಚಪ್ಪಲಿ ಕಾಲಿಗೆ ಸಿಕ್ಕಿಸಿಕೊಂಡು, ಏನೂ ಕೆಲಸವಿಲ್ಲದೆ ಬಚ್ಚಲ ತನಕ ಹೋಗಿ ಬಂದೆ.

ನಿನ್ನೆ ನಡೆದ ಒಂದು ಸಂಗತಿ ಹೇಳಬೇಕು. ಊಟದ ನಂತರ ಮಲಗಿ ಕೂಸು ಹತ್ತು ಸಲ ಮಿಸುಕುವುದನ್ನು ಎಣಿಸಿ, ಎಷ್ಟು ಹೊತ್ತಾಯಿತೆಂದು ದಿನಾ ಬರೆದಿಡಬೇಕು, ಇದೂ ನರ್ಸಮ್ಮನ ಮಾತು. ಮೊನ್ನೆ ನಲವತ್ತು ನಿಮಿಷಕ್ಕೆ ಹತ್ತಾಗಿತ್ತು. ನಿನ್ನೆ ಏಳು ಬೇಗ ಆದವು. ಎಂಟನೆಯದು ಬರಲಿಲ್ಲ. ಗಡಿಯಾರ ನೋಡುತ್ತ ಮಲಗಿದೆ. ಹತ್ತು ನಿಮಿಷ, ಹದಿನೈದು. ಹೊಟ್ಟೆಗೆ ಬೆರಳಿಂದ ತಟ್ಟಿದೆ. ಅತ್ತೆ ನೀರಿಗೆ ಹೋಗಿದ್ದರು. ಹೊರಗೆ ಯಾರದೋ ಆಡು ಒದರುತ್ತಿತ್ತು, ಬೇರೆ ಸಪ್ಪಳವಿರಲಿಲ್ಲ. ಏಳರಿಂದ ಎಂಟಕ್ಕೆ ಇಪ್ಪತ್ತಾರು ನಿಮಿಷ ಹಿಡಿಯಿತು. ಎಂಟರ ಹಿಂದೆಯೇ ಒಂಬತ್ತು, ಹತ್ತು ಬಂದವು. ಆ ಇಪ್ಪತ್ತಾರು ನಿಮಿಷ ನಾನು ದೇವರ ಹೆಸರನ್ನೂ ಹೇಳಲಿಲ್ಲ, ಇವರ ಹೆಸರನ್ನೂ ಹೇಳಲಿಲ್ಲ. ಅಕ್ಕಾ, ಅಕ್ಕಾ ಎಂದೆ. ಇದು ನಡೆದದ್ದು, ಅದಕ್ಕೇ ಬರೆದೆ.

ಅತ್ತೆಯ ಬಗ್ಗೆ ನಿನ್ನ ಸಿಟ್ಟು ನನಗೆ ಗೊತ್ತಿದೆ. ಜನವರಿ ಹತ್ತೊಂಬತ್ತು, ರವಿವಾರ, ನೀನು ಬಸುರಿಗೆ ಉಡಿಸುವ ಕುಬುಸದ ಹಸಿರು ಸೀರೆ, ಬಳೆ, ಬುತ್ತಿ ತಗೊಂಡು ನನ್ನನ್ನು ಕರೆದೊಯ್ಯಲು ಬಂದಿದ್ದೆ. ಅತ್ತೆ ಹೊಸ್ತಿಲಲ್ಲಿ ನಿಂತು, "ಕಳಸೂದಿಲ್ಲ ಕಾವೇರವ್ವ. ನಮ್ಮನ್ಯಾಗ ಹಡೀಲಿ" ಎಂದರು.

"ಚೊಚ್ಚಲ ಬಾಣಂತನ ತವರಿಂದ್ರಿ. ಇದು ನಾ ಹೇಳಬೇಕೇನ್ರಿ ನಿಮಗ?"

"ತವರಂದ್ರ ಅವ್ವ ಇರಬೇಕಲ್ಲವಾ."

"ನಾ ಆಕಿ ಅವ್ವನ ಅದೇನಿ. ಕರೀರಿ ಆಕಿನ್ನ, ಆಕಿ ಬಾಯಿಂದ ಕೇಳ್ತೇನಿ."

"ಮಲಗ್ಯಾಳ" ಎಂದರು ಅತ್ತೆ.

ನೀನು ಅವರನ್ನು ಬೈದೆ. ಕಲ್ಲೆದೆಯವಳು ಎಂದೆ. ಚೀಲ ಕಟ್ಟೆಯ ಮೇಲಿಟ್ಟು ಹೋದೆ. ಆದರೆ ಅಕ್ಕಾ, ಅವರು ನೀನು ತಿಳಿದ ಹಾಗೆ ಇಲ್ಲ. ದಿನಾ ನನ್ನ ಕಾಲಿಗೆ ಎಣ್ಣೆ ಹಚ್ಚುತ್ತಾರೆ. ಅಂಟಿನುಂಡಿಯನ್ನು ಎರಡನೇ ಸಲ ಕಟ್ಟಿ, ಈ ಸಲ ಕೀಲಿ ಹಾಕಿ ಇಟ್ಟಿದ್ದಾರೆ. ನಿನ್ನ ಬೈಗುಳದ ಬಗ್ಗೆ ಒಂದು ದಿನವೂ ಮಾತೆತ್ತಿಲ್ಲ.

ಕುಬುಸದ ದಿನ ಅತ್ತೆ ಇಡಿಸಿದ್ದ ಹಸಿರು ಬಳೆ ಕೈ ಬಾತು ಬಿಗಿಯಾಗಿದ್ದವು. ಹೋದ ವಾರ ನರ್ಸಮ್ಮ ಒಂದೊಂದಾಗಿ ಒಡೆದು ತೆಗೆದರು. ಬರಿಗೈಯಲ್ಲಿ ಇರಬಾರದೆಂದು ಅತ್ತೆ ನಿನ್ನ ಚೀಲ ಬಿಚ್ಚಿದರು. ನಾನು ಅಲ್ಲಿಯ ತನಕ ಅದನ್ನು ಮುಟ್ಟಿರಲಿಲ್ಲ. ನನ್ನ ಕೈಯ ಬಳೆ ಅಳತೆ ಎರಡು-ನಾಲ್ಕು. ನೀನು ತಂದದ್ದು ಎರಡು-ಆರು. ಸಲೀಸಾಗಿ ಏರಿದವು. ಈಗಲೂ ಕೈಯಲ್ಲಿವೆ, ಬರೆಯುವಾಗ ಸಪ್ಪಳ ಮಾಡುತ್ತಿವೆ.

ಮಾವನಿಗೆ ನಮಸ್ಕಾರ ಹೇಳು. ನಿನ್ನ ಕೆಮ್ಮಿಗೆ ಔಷಧ ತಗೋ. ನನ್ನ ತಲೆಯ ಮೇಲೆ ಕೈ ಇಡಲು ನೀನೊಬ್ಬಳೇ ಹಿರಿಯಳು ಉಳಿದಿದ್ದೀ. ಇದ್ದಲ್ಲಿಂದಲೇ ನಿನ್ನ ಆಶೀರ್ವಾದವಿರಲಿ.

ನಿನ್ನ ತಂಗಿ
ಸುರೇಖಾ

ತಾ.ಕ.: ಕಾಗದ ಮಡಿಸಿದ್ದೆ. ಓದು ಬರದ ಅತ್ತೆ, "ಏನ ಬರದಿ, ಓದು" ಎಂದರು. ಓದಿದೆ. ಪೂರ್ತಿ ಕೇಳಿ, "ಉಂಡಿ ತಿಂದದ್ದೂ ಬರದಿ, ಆಡು ಒದರಿದ್ದೂ ಬರದಿ. ನಡುವಿಂದೊಂದು ಬಿಟ್ಟಿ" ಎಂದರು. ನಾನು ಕಾಗದ ಮತ್ತೆ ಮಡಿಸತೊಡಗಿದೆ. "ನಿನ್ನ ಸುಳ್ಳ ನಾ ಎರಡು ತಿಂಗಳಾತು ಹೊತ್ತೇನಿ ಯವ್ವಾ. ನಿಂದೂ ದಿನ ತುಂಬ್ಯಾವು, ನಂದೂ ತುಂಬ್ಯಾವು. ಇಳಸು" ಎಂದರು.

ಅವತ್ತು ನಾನು ಮಲಗಿರಲಿಲ್ಲ ಅಕ್ಕಾ. ಬಾಗಿಲ ಹಿಂದೆ ನಿಂತಿದ್ದೆ. ಸಂದಿಯಿಂದ ನಿನ್ನ ಕಾಲು, ಧೂಳು ಮೆತ್ತಿದ ಚಪ್ಪಲಿ, ಚೀಲ ಇಳಿಸಿದ ಕೈ ಕಾಣುತ್ತಿತ್ತು. ಕಳಿಸುವುದಿಲ್ಲ ಎಂದು ಅತ್ತೆಯ ಬಾಯಿಂದ ಹೇಳಿಸಿದವಳು ನಾನು. ಅದಕ್ಕೂ ಎರಡು ದಿನ ಮೊದಲು ನಳದ ಹತ್ತಿರ ಸುಮಂಗಲಾ, "ನಿಮ್ಮಕ್ಕನ ಮನ್ಯಾಗ ಎರಡು ಕೂಸು ಹ್ವಾದ್ವಂತಲ್ಲ, ಅಲ್ಲಿಗ್ಯಾಕ ಹಡಿಯಾಕ ಹೋಗ್ತಿ? ಆಕಿ ಕೈಗುಣ ಚಲೋ ಇಲ್ಲ ಅಂತಾರ" ಎಂದಳು. ಯಾರು ಅಂತಾರೆ ಎಂದು ನಾನು ಕೇಳಲಿಲ್ಲ. ಅಪ್ಪನ ಮಗಳಾಗಿ ಅದೊಂದನ್ನು ಕೇಳಲಿಲ್ಲ. ಮನೆಗೆ ಬಂದು ಅತ್ತು, "ನಾ ಹೋಗೂದಿಲ್ರಿ, ನೀವ ಬ್ಯಾಡ ಅಂದ್ರಿ ಅಂತ ಹೇಳ್ರಿ" ಎಂದೆ. "ಸಾಕಿದಾಕಿಗೆ ಹಂಗ ಅನಬಾರದವ್ವ" ಎಂದರು ಅತ್ತೆ. ನಾನು ಹಟ ಹಿಡಿದೆ. ತವರೆಂದರೆ ಅವ್ವ ಇರಬೇಕು ಅನ್ನುವ ಮಾತು ಮಾತ್ರ ಅವರದೇ. ಬೇರೆ ನೆಪ ಹೊಳೆಯಲಿಲ್ಲವಂತೆ. ಅದಕ್ಕಾಗಿ ಈಗಲೂ ನೊಂದುಕೊಳ್ಳುತ್ತಾರೆ.

ನನಗೆ ನಾಲ್ಕು ವರ್ಷವಿದ್ದಾಗ ಅವ್ವ ಹೋದಳು. ನಿನಗೆ ಹದಿನೈದು. ಸಾಲಿ ಬಿಟ್ಟು ನನ್ನನ್ನು ಇದೇ ಕೈಯಿಂದ ಎರೆದು, ಉಣಿಸಿ ಬೆಳೆಸಿದೆ. ನಾನು ಬದುಕಿದ್ದೇನೆ. ಸುಮಂಗಲಾಗೆ ನಾನು ಹೇಳಬೇಕಾಗಿದ್ದ ಸಂಗತಿ ಇದೊಂದೇ ಆಗಿತ್ತು.

ಒಂಬತ್ತನೇ ತಿಂಗಳಿಗೆ ಕೈ ಬಾಯುತ್ತದೆ ಅಂತ ನಿನಗೆ ಹೇಗೆ ಗೊತ್ತಾಯಿತು ಎಂದು ಬಳೆ ಏರಿಸಿಕೊಳ್ಳುವಾಗ ಯೋಚಿಸಿದೆ. ಎರಡು ಸಲ ನಿನ್ನ ಕೈಯೂ ಬಾತಿತ್ತು. ಏಳರಿಂದ ಎಂಟಕ್ಕೆ ನೀನೂ ಕಾದಿರಬೇಕು. ಒಂದು ಸಲ ಎಂಟು ಬರಲೇ ಇಲ್ಲ. ಇನ್ನೊಂದು ಸಲ ಬಂದ ಕೂಸು ಮೂರು ದಿನ ಇತ್ತು, ನಾನು ಎತ್ತಿಕೊಂಡಿದ್ದೆ. ಹೆದರಿದ್ದು ನಾನು. ಒಂದು ಅಳತೆ ದೊಡ್ಡ ಬಳೆ ತಂದವಳು ನೀನು.

ಬಾ ಎಂದು ಬರೆಯಲು ನನಗೆ ಮುಖವಿಲ್ಲ. ಸುದ್ದಿಯಷ್ಟೇ ಬರೆಯುತ್ತೇನೆ.

ನಾಡಿದ್ದು ಗುರುವಾರ, ಮಾರ್ಚ್ 20, ಬೆಳಗ್ಗೆ ಆರು ಮುಕ್ಕಾಲರ ಬಸ್ಸಿಗೆ ಅತ್ತೆ ಮತ್ತು ನಾನು ಕೊಲ್ಹಾರದಿಂದ ಹೊರಡುತ್ತೇವೆ. ಎಂಟು ಗಂಟೆಗೆ ಬಾಗೇವಾಡಿ ದವಾಖಾನೆಯಲ್ಲಿ ದಾಖಲಾಗಬೇಕು.