ನೀರಿಲ್ಲದ ಜಾಗ

ಡಿಸೆಂಬರ್ 28, 2025, ಭಾನುವಾರ

ನೇಪರ್‌ವಿಲ್. ಹೊರಗೆ ಒಂಬತ್ತು ಡಿಗ್ರಿ ಫ್ಯಾರನ್‌ಹೀಟ್. ಜುಲೈ ಕ್ಯಾಂಪಿಂಗ್‌ಗೆ ಜಾಗ ಆರಿಸುವ ಕೆಲಸ ಈ ವರ್ಷವೂ ನನ್ನದೇ. ಇಷ್ಟು ವರ್ಷ ಮಿಷಿಗನ್, ವಿಸ್ಕಾನ್ಸಿನ್ ಆಯಿತು. ಈ ಸಲ ವಿಮಾನ ಹತ್ತಿ ದೂರ. ಬುಕಿಂಗ್ ತೆರೆಯುವುದು ಆರು ತಿಂಗಳು ಮೊದಲು — ಜನವರಿ 19, ಬೆಳಿಗ್ಗೆ ಒಂಬತ್ತಕ್ಕೆ. ಐದು ನಿಮಿಷದಲ್ಲಿ ಎಲ್ಲ ಖಾಲಿ.

ಕೊಲರಾಡೋ: ಒಂಬತ್ತು ಸಾವಿರ ಅಡಿ, ಜುಲೈನಲ್ಲೂ ಶಿಖರದಲ್ಲಿ ಹಿಮ. ಒರೆಗಾನ್: ಕಡಲತೀರ. ವಾಷಿಂಗ್ಟನ್: ಮಳೆಕಾಡು, ಪಾಚಿ ಹಿಡಿದ ಮರಗಳು, ತೊರೆ. ಯೂಟಾ: ಮರುಭೂಮಿ, ಕೆಂಪು ಬಂಡೆ, ಮಧ್ಯಾಹ್ನ ನೂರೈದು ಡಿಗ್ರಿ.

ಪ್ರತಿ ನಕ್ಷೆಯಲ್ಲೂ ಮೊದಲು ಅಳೆದದ್ದು ಒಂದನ್ನೇ. ಟೆಂಟಿನಿಂದ ನೀರು ಎಷ್ಟು ದೂರ.

ವಿವೇಕ ಹಿಂದೆ ನಿಂತು ನೋಡಿದ. "ಮಕ್ಕಳು ಬೀಚ್ ಬೀಚ್ ಅಂತಿದಾರೆ. ನೀನು ನೋಡಿದ್ರೆ ಯೂಟಾ. ನಮ್ಮನ್ನ ಹಪ್ಪಳದ ಥರ ಒಣಗಿಸ್ತೀಯಾ?"

ನಕ್ಕೆ. ಕಾರಣ ಗಂಡನಿಗೂ ಹೇಳಿಲ್ಲ.

ಜನವರಿ 4, ಭಾನುವಾರ

ಗೆಳತಿ ಭಾನು ಜೊತೆ ವಿಡಿಯೊ ಕಾಲ್. ಎದುರು ಬಡಾವಣೆಯಲ್ಲೇ ಇದ್ದಾಳೆ, ಆದರೂ ಚಳಿಗೆ ಯಾರೂ ಹೊರಬೀಳುವುದಿಲ್ಲ. ಅವಳ ಮಗ ಜೈ, ಏಳು ವರ್ಷ, ಪರದೆಗೆ ಮುಖ ಒತ್ತಿ ನಿಂತ.

"ಓಷನ್, ಆಂಟಿ! ಐ ಕ್ಯಾನ್ ಸ್ವಿಮ್ ನೌ."

"ನೋಡು, ಅವನಿಗೇ ಭಯ ಇಲ್ಲ," ಎಂದಳು ಭಾನು. "ನೀರಿದ್ರೂ ಪರ್ವಾಗಿಲ್ಲ ಚೇತನಾ. ಆ ಸುರೇಶ ಒಬ್ಬ ಇಲ್ದಿದ್ರೆ ಸಾಕು. ಎರಡೇ ಸೈಟ್ ಬುಕ್ ಮಾಡು."

ಇಷ್ಟು ವರ್ಷ ಮೂರು ಟೆಂಟ್ ಜಾಗ ಹಿಡಿಯುತ್ತಿದ್ದೆ. ನಮ್ಮದು, ಭಾನುವಿನದು, ಪ್ಲೇನ್‌ಫೀಲ್ಡ್‌ನ ಸುರೇಶನದು.

"ಹೂಂ" ಅಂದೆ. ನನಗೆ ಹೂಂ ಅನ್ನುವುದು ಎಷ್ಟು ಸುಲಭ…

ಜನವರಿ 5

ಒಮ್ಮೆ ಪೂರ್ತಿ ಬರೆದುಬಿಡಬೇಕು.

ಕಳೆದ ಜುಲೈ, ಲೇಕ್ ಸುಪೀರಿಯರ್ ದಂಡೆ. ನಮ್ಮ ಗುಂಪಿನಲ್ಲಿ ಮಕ್ಕಳ ಪಾಳಿ ಇದೆ: ಒಬ್ಬೊಬ್ಬ ದೊಡ್ಡವರು ಒಂದೊಂದು ಗಂಟೆ ಮಕ್ಕಳನ್ನು ಕಾಯಬೇಕು. ಪಟ್ಟಿ ಐಸ್ ತುಂಬಿದ ಕೂಲರ್ ಪೆಟ್ಟಿಗೆಯ ಮುಚ್ಚಳಕ್ಕೆ ಅಂಟಿಸಿರುತ್ತದೆ. ಮೂರರಿಂದ ನಾಲ್ಕು — ಸುರೇಶ. ಅವನು ಬಂದು, "ಅಕ್ಕಾರ, ರೊಟ್ಟಿ ಹಿಟ್ಟು ನಾದಬೇಕ್ರಿ. ನನ್ನ ಪಾಳಿ ನೀವು ನೋಡ್ತೀರೇನು?" ಅಂದ. ಹೂಂ ಅಂದೆ. ಪಟ್ಟಿಯಲ್ಲಿ ಹೆಸರು ತಿದ್ದಲಿಲ್ಲ.

ಕೈಯಲ್ಲಿ ಹಂಗೇರಿಯನ್‌ನಿಂದ ಅನುವಾದವಾದ ಕಾದಂಬರಿ. ಹನ್ನೊಂದು ಪುಟ ಓದಿದೆ. ನನ್ನ ವೇಗಕ್ಕೆ ಅದು ಇಪ್ಪತ್ತೆರಡು ನಿಮಿಷ. ಅಷ್ಟರಲ್ಲಿ ಜೈ ನೀರಿಗೆ ಇಳಿದಿದ್ದ. ಕಯಾಕ್ ದೋಣಿಯಲ್ಲಿದ್ದ ಯಾರೋ ಎತ್ತಿ ತಂದರು. ತುಟಿ ನೀಲಿ. ಕೆಮ್ಮಿದ, ಉಳಿದ.

ಎಲ್ಲರೂ ಪಟ್ಟಿ ನೋಡಿದರು. ಭಾನು ಸುರೇಶನ ಮೇಲೆ ಕಿರುಚಿದಳು. ಅವನು ಹಿಟ್ಟು ಮೆತ್ತಿದ ಕೈಯಲ್ಲೇ ನಿಂತಿದ್ದ. ಒಂದು ಸಲ ನನ್ನ ಕಡೆ ನೋಡಿದ.

ನಾನು ಟವೆಲ್ ತರಲು ಹೋದೆ.

ಜನವರಿ 10, ಶನಿವಾರ

ಡೆವನ್ ಅವೆನ್ಯೂ, ನಮ್ಮವರ ದಿನಸಿ ಅಂಗಡಿಗಳ ಬೀದಿ. ಅಂಗಡಿಯಲ್ಲಿ ಜೋಳದ ಹಿಟ್ಟಿನ ಸಾಲಿನಲ್ಲಿ ಎದುರಿಗೇ ಸುರೇಶ. ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ.

"ಏನ್ರೀ ಅಕ್ಕಾರ, ಆರಾಮ? ಈ ಸಲ ಎಲ್ಲಿಗ್ರಿ, ಗುಡ್ಡಕ್ಕೋ ಸಮುದ್ರಕ್ಕೋ?"

"ಇನ್ನೂ… ನೋಡ್ತಾ ಇದೀನಿ."

"ನಮ್ಮ ಅಕ್ಷರಾ ಬೇಸ್‌ಮೆಂಟ್‌ನಾಗ ಟೆಂಟ್ ಹಾಕ್ಯಾಳ್ರಿ. ಅದರಾಗ ಕುಂತು ಹೋಮ್‌ವರ್ಕ್ ಮಾಡ್ತಾಳ. ಯಾಕ ನಮ್ಮನ್ನ ಕರೀವಲ್ರು ಅಂತ ಕೇಳ್ತಾಳ. ನಾ ಏನ್ ಹೇಳ್ಲಿ?"

ಕೊನೆಗೆ ಕೇಳಿದೆ. ಅವತ್ತು ನೀವು ಯಾಕೆ ಹೇಳಲಿಲ್ಲ?

ಹಿಟ್ಟಿನ ಚೀಲವನ್ನು ತಳ್ಳುಗಾಡಿಯಲ್ಲಿ ನೇರ ಮಾಡಿ ಇಟ್ಟ. "ನೀವು ಹೇಳ್ತೀರಂತ ತಡದೆ. ಆಮ್ಯಾಲೆ ನಾ ಹೇಳಿದ್ರ ಚಾಡಿ ಹೇಳಿದಂಗ ಆಕ್ಕಿತ್ತು."

ಸಿಟ್ಟಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ನನ್ನ ಗಾಡಿಯಲ್ಲಿ ಕೊತ್ತಂಬರಿ ಮಾತ್ರ ಇತ್ತು. ಅದನ್ನೂ ಬಿಟ್ಟು ಬಂದೆ.

ಜನವರಿ 17, ಶನಿವಾರ

ಏಳು ದಿನ ಏನೂ ಬರೆದಿಲ್ಲ. ಓದಿಯೂ ಇಲ್ಲ.

ಇವತ್ತು ವಿವೇಕನಿಗೆ ಹೇಳಿದೆ. ಭಾನುವಿಗೂ ಹೇಳುತ್ತೇನೆ ಎಂದೆ.

"ಈಗ್ಯಾಕೆ ಚೇತನಾ? ಜೈ ಚೆನ್ನಾಗಿದಾನೆ. ಎಲ್ಲಾ ತಣ್ಣಗಾಗಿದೆ."

"ನಮಗೆ ತಣ್ಣಗಾಗಿದೆ."

"ಭಾನು ಮತ್ತೆ ನಮ್ಮ ಮನೆ ಮೆಟ್ಟಿಲು ಹತ್ತಲ್ಲ. ಇಲ್ಲಿ ನಿನಗೆ ಇರೋ ಫ್ರೆಂಡ್ ಅವಳೊಬ್ಬಳೇ. ಗೊತ್ತು ತಾನೇ?"

ಗೊತ್ತು. ಆರು ತಿಂಗಳಿಂದ ಗೊತ್ತಿರುವುದು ಅದೊಂದೇ.

ಜನವರಿ 19, ಸೋಮವಾರ, ಬೆಳಿಗ್ಗೆ 8.20

ಮೈನಸ್ ನಾಲ್ಕು. ರಜೆ; ಭಾನು ಎದ್ದಿರುತ್ತಾಳೆ, ಅಡುಗೆಮನೆಯ ದೀಪ ಕಾಣುತ್ತಿದೆ.

ಯೂಟಾ ತೆಗೆದುಹಾಕಿದೆ. ಆ ಬಿಸಿಲಿಗೆ ಮಕ್ಕಳನ್ನು ಒಯ್ಯಲು ಹೊರಟಿದ್ದು ಅವರ ಸುರಕ್ಷತೆಗಲ್ಲ. ನೀರನ್ನು ನೋಡುತ್ತ ಕೂರಲು ನನಗೆ ಆಗದು, ಅಷ್ಟೇ. ಮಕ್ಕಳು ಕೇಳಿದ್ದು ಸಮುದ್ರ. ಒರೆಗಾನ್. ಸೈಟ್ 14, 15, 16 ಅಕ್ಕಪಕ್ಕ ಇವೆ. ಮೂರನ್ನೂ ಹಿಡಿಯುವುದು. ಯಾವುದಾದರೂ ಖಾಲಿ ಉಳಿಯಬೇಕಾಗಿ ಬಂದರೆ ನಮ್ಮದು ಉಳಿಯಲಿ.

ಅದಕ್ಕೂ ಮೊದಲು ಭಾನುವಿಗೆ ಹೇಳಬೇಕು. ಮೆಸೇಜ್ ಬೇಡ. ಫೋನೂ ಬೇಡ. ಪಾಳಿ ನನ್ನದಾಗಿತ್ತು, ಓದುತ್ತಾ ಕೂತಿದ್ದೆ, ಆಮೇಲೆ ಸುಮ್ಮನಿದ್ದೆ. ಮೂರೇ ಮಾತು. "ಆದರೆ" ಎಂದು ಸೇರಿಸಬಾರದು.

8.36. ವಿವೇಕ ಡ್ರೈವ್‌ವೇಯ ಹಿಮ ತಳ್ಳುತ್ತಿದ್ದಾನೆ. ಎಲ್ಲಿಗೆ ಎಂದು ಕೇಳಿಯೇ ಕೇಳುತ್ತಾನೆ; ಭಾನುವಿನ ಮನೆಗೆ ಅನ್ನುತ್ತೇನೆ. ಬೂಟು ಹಾಕಿಕೊಂಡಿದ್ದೇನೆ. ಕೋಟು —