ಸರ್ವರ್ ಕಳಿಸಿದ ಮೆಸೇಜು

ಜೂನ್ ೧೨, ಗುರುವಾರ

ಅಕ್ಕನ ದನಿ ಕಿವಿಯಿಂದ ಹೋಗುತ್ತಿಲ್ಲ. ಅಕ್ಕ ಅಂದರೆ ಆಫೀಸಿನಲ್ಲಿ ನನಗೆ ಕೆಲಸ ಕಲಿಸಿದ ಮೇಷ್ಟ್ರ ಹೆಂಡತಿ. ಮೇಷ್ಟ್ರು ತೀರಿಕೊಂಡು ತಿಂಗಳಾಯಿತು.

ಇವತ್ತು ಕರೆಂಟ್ ಹೋಗಿ ಆಫೀಸಿನ ಸರ್ವರ್ ನಿಂತಿತು. ಮತ್ತೆ ಆನ್ ಮಾಡಿದೆ. ಸಂಜೆ ಅಕ್ಕ ಫೋನ್ ಮಾಡಿದರು.

“ತಮ್ಮಾ, ಗಂಟೆಗೊಂದು ಮೆಸೇಜ್ ಬರ್ತಿದೆ. ‘ತಡ ಆಗುತ್ತೆ, ನೀನು ಊಟ ಮಾಡು’ ಅಂತ. ಅವರ ಹೆಸರಲ್ಲೇ.”

ಹುಡುಕಿದೆ, ಸಿಕ್ಕಿತು. ಸರ್ವರ್ ಕೈಕೊಟ್ಟ ದಿನ ಮೇಷ್ಟ್ರು ಮನೆ ಸೇರುವುದು ಯಾವಾಗಲೂ ತಡ. ಅದಕ್ಕೇ ಅದು ಮತ್ತೆ ಶುರುವಾದ ಕೂಡಲೇ ಗಂಟೆಗೊಮ್ಮೆ ತಾನಾಗಿ ಮೆಸೇಜ್ ಹೋಗುವಂತೆ, ಹೇಳಿದ ಹೊತ್ತಿಗೆ ಕೆಲಸ ಮಾಡಿಸುವ ಕ್ರಾನ್‌ನಲ್ಲಿ ಒಂದು ಸಾಲು ಬರೆದಿಟ್ಟಿದ್ದರು.

“ತೆಗೆದುಬಿಡ್ಲಾ ಅಕ್ಕಾ?”



“ತೆಗಿ. ಇನ್ನೊಂದು ಬಂದ್ರೆ ಕಾಯ್ತಾ ಕೂತ್ಬಿಡ್ತೀನಿ ಕಣೋ.”

ತೆಗೆದೆ. ಮೇಷ್ಟ್ರು ಬರೆದದ್ದನ್ನು ನಾನು ಅಳಿಸಿದ್ದು ಇದೇ ಮೊದಲು.